ಥ್ರಿಲ್ಲರ್ ಕತ್ತರಿಸಲು ಉಚಿತ ಡಾವಿಂಚಿ ರಿಸಾಲ್ವ್: ಅಡಿಕೆ ಹಾಳೆ ಬೀಳುವ ಸದ್ದಿಗೆ ಎಷ್ಟು ಫ್ರೇಮು?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಕಿರುಚಿತ್ರಕ್ಕೆ ಕೈಹಾಕುವವರು ಎಡಿಟಿಂಗ್ ಸಾಫ್ಟ್‌ವೇರ್ ಬಗ್ಗೆ ಮೊದಲು ಕೇಳುವುದು ಎಫೆಕ್ಟ್ ಎಷ್ಟಿದೆ ಎಂದು. ಥ್ರಿಲ್ಲರ್ ಮಾಡುವವರಿಗೆ ಆ ಪ್ರಶ್ನೆಯೇ ದಂಡ. ಕಟ್ಟನ್ನು, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು, ಒಂದೊಂದೇ ಫ್ರೇಮ್ (ವೀಡಿಯೋದ ಒಂದು ಬಿಡಿ ಚಿತ್ರ) ಆಚೀಚೆ ಸರಿಸುವುದು ಎಷ್ಟು ಸಲೀಸು, ಚಿತ್ರದಿಂದ ಸದ್ದನ್ನು ಬಿಡಿಸುವುದು ಎಷ್ಟು ಸಲೀಸು, ಇಷ್ಟು ಕೇಳಿದರೆ ಸಾಕು. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪೆನಿಯ ಡಾವಿಂಚಿ ರಿಸಾಲ್ವ್, ಅದೂ ಕಾಸು ಕೊಡದ ಆವೃತ್ತಿ, ಎರಡರಲ್ಲೂ ಪಾಸು. ಸೋಲುವುದು ಬೇರೆ ಕಡೆ.

ಒಂದು ದೃಶ್ಯ ಇಟ್ಟುಕೊಂಡೇ ನೋಡೋಣ. ಮಳೆಗಾಲದ ರಾತ್ರಿ, ಅಡಿಕೆ ತೋಟದ ನಡುವೆ ಮನೆ, ಒಳಗೆ ಒಬ್ಬಳೇ ಹೆಂಗಸು. ಹೊರಗೆ ದೊಪ್ಪನೆ ಅಡಿಕೆ ಮರದ ಹಾಳೆ ಬೀಳುತ್ತದೆ. ಕಿಟಕಿಯಲ್ಲಿ ಇಣುಕುತ್ತಾಳೆ, ಏನೂ ಇಲ್ಲ. ಎರಡನೇ ಸಲ ಬಿದ್ದದ್ದು ಹಾಳೆಯಲ್ಲ.

ಹೊಸಬರು ಇಲ್ಲಿ ಶಾಟ್‌ಗಳನ್ನು ಒಂದೇ ಸಮ ಗಿಡ್ಡ ಮಾಡುತ್ತ ಹೋಗುತ್ತಾರೆ. ಸೆಕೆಂಡಿಗೆ 25 ಫ್ರೇಮಿನ ಟೈಮ್‌ಲೈನಿನಲ್ಲಿ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) 125 ಫ್ರೇಮು, ಆಮೇಲೆ 88, 50, 25, 14. ಮೂರನೇ ಕಟ್ಟಿಗೇ ನೋಡುಗನಿಗೆ ಲೆಕ್ಕ ಸಿಕ್ಕಿಬಿಡುತ್ತದೆ, ಭಯ ಹೋಗಿ ಎಣಿಕೆ ಶುರುವಾಗುತ್ತದೆ. 14ರ ನಂತರ ಕತ್ತರಿಸಬೇಡಿ. ಅವಳ ಮುಖದ ಮೇಲೆ 9 ಸೆಕೆಂಡು ಕೂತುಬಿಡಿ. ಇನ್‌ಸ್ಪೆಕ್ಟರಿನಲ್ಲಿ (ಆರಿಸಿದ ಕ್ಲಿಪ್ಪಿನ ಸೆಟ್ಟಿಂಗ್ ಫಲಕ) ಝೂಮ್ 1.00ರಿಂದ 1.06ಕ್ಕೆ ಏರುವಂತೆ ಶುರುವಿಗೂ ಕೊನೆಗೂ ಗುರುತು, ಅಂದರೆ ಕೀಫ್ರೇಮ್ ಹಾಕಿ, ಕ್ಯಾಮೆರಾ ಸರಿಯುತ್ತಿದೆ ಎಂದು ಗೊತ್ತಾಗದಷ್ಟು ನಿಧಾನಕ್ಕೆ. ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷದ ತೆರೆ ಒಡ್ಡೋಲಗ (ತೆರೆಯ ಹಿಂದಿನಿಂದ ನಿಧಾನಕ್ಕೆ ಆಗುವ ಪ್ರವೇಶ) ಕಂಡವರಿಗೆ ಇದು ಹೊಸತಲ್ಲ. ತೆರೆ ಸರಿಯುವುದು ತಡವಾದಷ್ಟೂ ಮಕ್ಕಳು ಅಮ್ಮನ ಸೆರಗು ಹುಡುಕುತ್ತಾರೆ.

ಈ ಕೆಲಸಕ್ಕೆ ರಿಸಾಲ್ವ್ ಕೊಡುವ ಕೈಹತಾರ ಟ್ರಿಮ್ ಮೋಡ್. ಟಿ ಒತ್ತಿ, ಕಟ್ಟನ್ನು ಆರಿಸಿ, ಕಾಮಾ ಒತ್ತಿದರೆ ಒಂದು ಫ್ರೇಮ್ ಹಿಂದೆ, ಪೂರ್ಣವಿರಾಮ ಒತ್ತಿದರೆ ಒಂದು ಫ್ರೇಮ್ ಮುಂದೆ. ಅದೇ ಮೋಡಿನಲ್ಲಿ ಕ್ಲಿಪ್ಪಿನ ನಡುಭಾಗ ಹಿಡಿದೆಳೆದರೆ ಸ್ಲಿಪ್: ಶಾಟಿನ ಉದ್ದ ಹಾಗೇ ಇರುತ್ತದೆ, ಒಳಗಿನ ಕ್ಷಣ ಮಾತ್ರ ಬದಲಾಗುತ್ತದೆ. ಅವಳು ಕಣ್ಣು ಮಿಟುಕಿಸಿದ ಮೇಲೆ ಕಟ್ ಆದರೆ ಸಮಾಧಾನ, ಮಿಟುಕಿಸುವ ಮೊದಲೇ ಆದರೆ ಚಡಪಡಿಕೆ. ನಾಲ್ಕೈದು ಫ್ರೇಮಿನ ಈ ವ್ಯತ್ಯಾಸಕ್ಕೆ ಸ್ಲಿಪ್‌ಗಿಂತ ಒಳ್ಳೆ ಮದ್ದಿಲ್ಲ.

ಸದ್ದನ್ನು ಚಿತ್ರಕ್ಕಿಂತ ಮೊದಲು ತರಬೇಕೆ? ಆಲ್ಟ್ ಹಿಡಿದು ಆಡಿಯೋದ ಅಂಚನ್ನಷ್ಟೇ ಆರಿಸಿ ಎಡಕ್ಕೆ ಎಳೆಯಿರಿ, ಜೆ ಕಟ್ ಸಿದ್ಧ. ಬಾಗಿಲ ಚಿಲಕದ ಸದ್ದು ಅವಳ ಮುಖದ ಮೇಲೆ 15 ಫ್ರೇಮ್ ಮೊದಲೇ ಬರಲಿ, ಚಿಲಕ ಆಮೇಲೆ ಕಾಣಲಿ. ಎರಡೂ ಒಟ್ಟಿಗೆ ಬಂದರೆ ಅದು ಬರೀ ಮಾಹಿತಿ.

ಮಳೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಪ್ರತಿ ಕ್ಲಿಪ್ಪಿನ ಜೊತೆ ಬಂದ ಮಳೆ ಸದ್ದನ್ನೇ ಉಳಿಸಿಕೊಂಡರೆ ಒಂದೊಂದು ಕಟ್ಟಿಗೂ ಮಳೆ ಜಿಗಿಯುತ್ತದೆ, ಕಟ್ಟು ಕಿವಿಗೆ ಕಾಣುತ್ತದೆ. ಬೇರೆಯಾಗಿ ಎರಡು ಮೂರು ನಿಮಿಷ ಮಳೆ ರೆಕಾರ್ಡ್ ಮಾಡಿ ಪ್ರತ್ಯೇಕ ಟ್ರ್ಯಾಕಿನಲ್ಲಿ ದೃಶ್ಯದ ಉದ್ದಕ್ಕೂ ಹಾಸಿ. ಉಳಿದ ಆಡಿಯೋ ಕಟ್ಟುಗಳಿಗೆ ಎರಡು ಫ್ರೇಮ್ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತ ಇನ್ನೊಂದು ಏರುವುದು) ಕೊಡಿ, ಟಿಕ್ ಸದ್ದು ಹೋಗುತ್ತದೆ. ಎರಡನೇ ಸದ್ದಿಗೆ 40 ಫ್ರೇಮ್ ಮುಂಚೆ ಮಳೆಯನ್ನು ಇಳಿಸಿ, ಆದರೆ ಪೂರ್ತಿ ಸೊನ್ನೆಗೆ ಬೇಡ. ಪೂರ್ತಿ ನಿಶ್ಶಬ್ದವಾದರೆ ಸ್ಪೀಕರ್ ಕೆಟ್ಟಿತೇನೋ ಅನಿಸುತ್ತದೆ. ಜೀರುಂಡೆಯಾದರೂ ಉಳಿಯಲಿ. ರಿಸಾಲ್ವ್‌ನಲ್ಲಿ ಸದ್ದಿನ ಕೆಲಸಕ್ಕಿರುವ ಫೇರ್‌ಲೈಟ್ ಪುಟದ ಲೌಡ್‌ನೆಸ್ ಮೀಟರ್ ನೋಡಿಕೊಂಡು ಒಟ್ಟು ಮಟ್ಟವನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಹತ್ತಿರ ಇಡಿ. ಇನ್ನೊಂದು ಮಾತು: 40 ಹರ್ಟ್ಸ್‌ನ ಗುಂಯ್‌ಗುಡುವ ಹಿನ್ನೆಲೆಯನ್ನು ಫೋನಿನ ಸ್ಪೀಕರ್ ಕೇಳಿಸುವುದೇ ಇಲ್ಲ. ವಾಟ್ಸಾಪಿನಲ್ಲಿ ನೋಡುವವರಿಗೂ ಎದೆ ಹೊಡೆದುಕೊಳ್ಳಬೇಕಾದರೆ ಅದರ ಮೇಲೆ 300 ಹರ್ಟ್ಸ್ ಆಸುಪಾಸಿನ ಇನ್ನೊಂದು ಪದರ ಬೇಕು.

ಇನ್ನು ತಕರಾರು. ಫೋನಿನಲ್ಲಿ ತೆಗೆದ ವೀಡಿಯೋದ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ಲೆಕ್ಕ) ಓಲಾಡುತ್ತದೆ. ನೇರ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಮೊದಲು ಹ್ಯಾಂಡ್‌ಬ್ರೇಕ್ ಎಂಬ ವೀಡಿಯೋ ಬದಲಿಸುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್, ಅಂದರೆ ಓಲಾಡದ ಫ್ರೇಮ್‌ರೇಟಿಗೆ ಬದಲಿಸಿ ತನ್ನಿ. ಟೈಮ್‌ಲೈನಿನ ಫ್ರೇಮ್‌ರೇಟ್ ಆಮೇಲೆ ಬದಲಿಸಲು ಬರುವುದಿಲ್ಲ, ಆರಂಭದಲ್ಲೇ ಗೊತ್ತು ಮಾಡಿ. 30ರ ಶಾಟನ್ನು 25ಕ್ಕೆ ಹಾಕಿದರೆ ಆರರಲ್ಲೊಂದು ಫ್ರೇಮು ಮಾಯ, ನಿಧಾನದ ಪ್ಯಾನ್ ಕುಂಟುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮು, 1/50 ಶಟರಿನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಮಿಣುಕೂ ತಪ್ಪುತ್ತದೆ.

ರಾತ್ರಿ ಶಾಟಿನ ಕಾಳುಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಉಚಿತ ಆವೃತ್ತಿಯಲ್ಲಿಲ್ಲ. ಹಾಕಿದರೆ ವಾಟರ್‌ಮಾರ್ಕ್ ಬೀಳುತ್ತದೆ. 295 ಡಾಲರಿನ ಸ್ಟುಡಿಯೋ ಆವೃತ್ತಿಗೆ ಹೋಗುವ ಬದಲು ಕಲರ್ ಪುಟದಲ್ಲಿ ಲಿಫ್ಟ್ (ಚಿತ್ರದ ಕಪ್ಪು ಭಾಗದ ಹಿಡಿತ) ಇಳಿಸಿ ಕತ್ತಲನ್ನು ಕತ್ತಲಾಗಿಯೇ ಬಿಡಿ. ಥ್ರಿಲ್ಲರಿಗೆ ಅದೇ ಒಪ್ಪುತ್ತದೆ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ, 16 ಇದ್ದರೆ ನೆಮ್ಮದಿ. ಇಲ್ಲದಿದ್ದರೆ ಮೀಡಿಯಾ ಪೂಲಿನಲ್ಲಿ ರೈಟ್ ಕ್ಲಿಕ್ ಮಾಡಿ ಪ್ರಾಕ್ಸಿ, ಅಂದರೆ ಕ್ಲಿಪ್ಪಿನ ಹಗುರ ನಕಲು ಮಾಡಿಕೊಳ್ಳಿ.

ತುಳು ಅಥವಾ ಮಲಯಾಳ ಮಾತಿಗೆ ಕನ್ನಡ ಸಬ್‌ಟೈಟಲ್ ಹಾಕುವವರು ಒಂದು ಎಚ್ಚರ ವಹಿಸಬೇಕು: ಗುಟ್ಟು ಒಡೆಯುವ ಸಾಲು ಬಾಯಿಯಿಂದ ಬರುವ ಮೊದಲೇ ಪರದೆಯಲ್ಲಿ ಮೂಡಿದರೆ ಅಷ್ಟು ಹೊತ್ತು ಕಟ್ಟಿದ್ದೆಲ್ಲ ನೀರುಪಾಲು. ಆ ಸಾಲನ್ನು ಎರಡು ತುಂಡು ಮಾಡಿ, ಎರಡನೆಯದನ್ನು ಮಾತು ಶುರುವಾಗಿ ಮೂರು ನಾಲ್ಕು ಫ್ರೇಮಿನ ಮೇಲೆ ತನ್ನಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ್ದನ್ನು ತಂದು ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ.

ಮಳೆಗೆ ಕರೆಂಟು ಹೋದರೆ, ಕೆಲಸವನ್ನು ತಾನಾಗಿ ಉಳಿಸುತ್ತ ಹೋಗುವ ಲೈವ್ ಸೇವ್ ಕಾಪಾಡುತ್ತದೆ. ಪ್ರಿಫರೆನ್ಸಸ್‌ನಲ್ಲಿ ಪ್ರಾಜೆಕ್ಟ್ ಬ್ಯಾಕಪ್ಪನ್ನೂ ಆನ್ ಮಾಡಿಡಿ. ಪ್ರಾಜೆಕ್ಟ್ ಇರುವುದು ವೀಡಿಯೋ ಫೋಲ್ಡರಿನಲ್ಲಲ್ಲ, ರಿಸಾಲ್ವ್‌ನ ಸ್ವಂತ ಲೈಬ್ರರಿಯಲ್ಲಿ. ಫೋಲ್ಡರನ್ನಷ್ಟೇ ಪೆನ್‌ಡ್ರೈವಿಗೆ ತುಂಬಿಕೊಂಡು ಮಂಗಳೂರಿಗೆ ಹೋದರೆ ಅಲ್ಲಿ ಶಾಟುಗಳಿರುತ್ತವೆ, ಒಂದು ಕಟ್ಟೂ ಇರುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರಿನಲ್ಲಿ ರೈಟ್ ಕ್ಲಿಕ್ ಮಾಡಿ ಆರ್ಕೈವ್ (ಪ್ರಾಜೆಕ್ಟ್, ವೀಡಿಯೋ ಎರಡೂ ಒಂದೇ ಗಂಟು) ಮಾಡಿದ ಮೇಲೆಯೇ ಬಸ್ಸು ಹತ್ತಿ.