ಕಾರವಾರ, ಹುಬ್ಬಳ್ಳಿ, ಇಲ್ಲಾ ಮೊಬೈಲ್: ಮಗನ ಥೆರಪಿಗೆ ಮೂರೂ ನೋಡಿದ್ದಾಯ್ತು

ಮಗನಿಗೆ ಆಟಿಸಂ ಅಂತ ಗೊತ್ತಾದಾಗ ಎರಡೂವರೆ ವರ್ಷ. ನಮ್ಮದು ಶಿರಸಿಯಿಂದ ಒಳಗೆ, ತೋಟದ ಮನೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಸಾಲಾಗಿ ಜೋಡಿಸುತ್ತ ಕೂತನೆಂದರೆ ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ.

ಮೊದಲು ಕಾರವಾರ. ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ಡಾಕ್ಟರೇ ಅಲ್ಲಿನ ಡಿಇಐಸಿಗೆ, ಅಂದರೆ ಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ನೋಡುವ ಜಿಲ್ಲಾ ಕೇಂದ್ರಕ್ಕೆ, ಚೀಟಿ ಬರೆದುಕೊಟ್ಟರು. ಆರ್‌ಬಿಎಸ್‌ಕೆ 2013ರಲ್ಲಿ ಶುರುವಾದ ಸರ್ಕಾರದ ಯೋಜನೆ, ದುಡ್ಡು ಕೊಡಬೇಕಿಲ್ಲ. ಕಿವಿ ಕೇಳುತ್ತದೋ ಇಲ್ಲವೋ ಅಂತ ಮೊದಲು ನೋಡಿ, ಆಮೇಲೇ ಮಾತಿನ ವಿಷಯಕ್ಕೆ ಬಂದರು. ಆದರೆ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಮಗ ಎರಡು ಸಲ ವಾಂತಿ. ವಾರವಾರ ಆಗುವ ಮಾತಲ್ಲ. ತಪಾಸಣೆಗೆ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಓಡಾಟಕ್ಕೆ ಮಾತ್ರ ಕಾರವಾರ ಅಂತ ಇಟ್ಟುಕೊಂಡೆವು. ಕಾರ್ಡ್ ಮಾಡಿಸಲು ತಡ ಮಾಡಬೇಡಿ. ಆಟಿಸಂನಂಥ ತೊಂದರೆ ಇರುವವರಿಗೆ ಸರ್ಕಾರದ ನಿರಾಮಯ ಅನ್ನುವ ಆರೋಗ್ಯ ವಿಮೆ ಇದೆ, ಅದಕ್ಕೆ ಈ ಕಾರ್ಡ್ ಬೇಕಾಗುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವಿಮೆ, ಥೆರಪಿಗೂ ಒಂದಿಷ್ಟು ಸಿಗುತ್ತದೆ.

ಆಮೇಲೆ ಹುಬ್ಬಳ್ಳಿಯ ಒಂದು ಖಾಸಗಿ ಕೇಂದ್ರ. ಮುಕ್ಕಾಲು ಗಂಟೆಗೆ 600 ರೂಪಾಯಿ, ಬಸ್ಸಿನ ಖರ್ಚು ಬೇರೆ. ಆಟಿಕೆ, ಜೋಕಾಲಿ ಎಲ್ಲ ಚೆನ್ನಾಗಿತ್ತು. ಆದರೆ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಬಿಡುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ. ಏನು ಮಾಡಿಸಿದಿರಿ ಅಂತ ಕೇಳಿದರೆ, ‘ಇವತ್ತು ಚೆನ್ನಾಗಿ ಕೂತ’. ಅಷ್ಟೇ! ಮನೆಯಲ್ಲಿ ನಾನೇನು ಮಾಡಬೇಕು ಅಂತ ನಾಲ್ಕು ತಿಂಗಳಾದರೂ ಗೊತ್ತಾಗಲಿಲ್ಲ.

ಕೊನೆಗೆ ಮೊಬೈಲಿನಲ್ಲಿ ವಿಡಿಯೊ ಕಾಲ್ ಥೆರಪಿ. ಅದರ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಪರದೆ ನೋಡಿ ಈ ಹುಡುಗ ಏನು ಕಲಿತಾನು, ಅಲ್ವಾ? ಆದರೆ ಥೆರಪಿ ಮೇಡಂ ಅವನಿಗೆ ಕಲಿಸಲು ಹೋಗಲೇ ಇಲ್ಲ. ಮೊಬೈಲನ್ನು ಅಡುಗೆಮನೆಯ ಕಟ್ಟೆ ಮೇಲೆ ಇಡಿಸಿ, ನಮ್ಮನ್ನೇ ನೋಡುತ್ತ ಕೂತರು. ಅವನು ಅಜ್ಜಿಯ ಕೈ ಹಿಡಿದು ಹಪ್ಪಳದ ಡಬ್ಬಿಯತ್ತ ಎಳೆದ. ಅತ್ತೆ ಒಂದು ಇಡೀ ಹಲಸಿನ ಹಪ್ಪಳ ಕೊಟ್ಟುಬಿಟ್ಟರು.

‘ಅಜ್ಜೀ, ಚೂರು ಮುರಿದು ಕೊಡಿ. ಇನ್ನೊಂದು ಚೂರು ಅವನ ಮುಖದ ಹತ್ತಿರ ಹಿಡಿದು, ಮನಸ್ಸಲ್ಲೇ ಐದು ಎಣಿಸಿ. ಸುಮ್ನೆ ಕಾಯಿರಿ,’ ಅಂದರು ಮೇಡಂ.

ಕಾಯುವುದು ಅತ್ತೆಗೆ ಆಗುತ್ತಿರಲಿಲ್ಲ. ‘ಪಾಪ, ಹಸಿದಿದ್ದಾನೆ’ ಅಂತ ಮೂರಕ್ಕೇ ಕೊಟ್ಟುಬಿಡುವರು. ಹತ್ತು ದಿನ ಇದೇ ಜಗಳ. ಹನ್ನೊಂದನೇ ದಿನ ಅವನು ಹಪ್ಪಳ ಬಿಟ್ಟು ಅಜ್ಜಿಯ ಮುಖ ನೋಡಿದ. ‘ಪಪ’ ಅನ್ನಲು ಮತ್ತೆ ಮೂರು ವಾರ ಬೇಕಾಯಿತು.

ಕಷ್ಟವೂ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಜುಲೈಯಲ್ಲಿ ಸಿಕ್ಕಿದ್ದು ಎರಡೇ ಕ್ಲಾಸು. ಮನೆಯಲ್ಲಿ ಒಬ್ಬರೇ ಇದ್ದು, ತೋಟದ ಕೆಲಸವೂ ಅವರದೇ ಆದರೆ ಇದು ನಡೆಯುವುದಿಲ್ಲ. ಅಂಥವರಿಗೆ ಹುಬ್ಬಳ್ಳಿಯೇ ವಾಸಿ, ಬಾಗಿಲು ತೆರೆದಿಡುವ ಕಡೆ ಹುಡುಕಿ ಹೋಗಿ.

ನಾವು ಮೊಬೈಲಿನಲ್ಲೇ ಮುಂದುವರಿಸಿದ್ದೇವೆ. ಅತ್ತೆ ಈಗ ಐದರವರೆಗೆ ಎಣಿಸುತ್ತಾರೆ, ಅದೂ ಜೋರಾಗಿ.