ಆಸ್ಪತ್ರೆ ಮಂಚಕ್ಕೆ ಯಾವ ಬೆಡ್‌ಶೀಟ್? ನನ್ನ ಓಟು ಮಂಗಳದಾಸ್ ಮಾರ್ಕೆಟ್‌ನ ಕಾಟನ್‌ಗೆ

ಹಿಡಿ ತಿರುಗಿಸಿದರೆ ತಲೆಕಡೆ ಮೇಲೇಳುವ ಮಂಚಕ್ಕೆ ಮಾಮೂಲಿ ಸಿಂಗಲ್ ಬೆಡ್‌ಶೀಟ್ ಸಾಲುವುದಿಲ್ಲ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 60 ಇಂಚು ಅಗಲ, 90 ಇಂಚು ಉದ್ದದ್ದು. ಹಾಸಿಗೆಯೇ 72 ಇಂಚು ಉದ್ದ, 4 ಇಂಚು ದಪ್ಪ. ಎರಡೂ ತುದಿಗೆ ಮಡಚಿ ಸಿಕ್ಕಿಸಲು ಉಳಿಯುವುದು ಅಂಗೈ ಅಗಲ ಅಷ್ಟೇ. ಎರಡು ಸಲ ಮಂಚ ಎತ್ತಿ ಇಳಿಸಿದರೆ ಅದೂ ಆಚೆ.

ಸೊಂಟದ ಆಪರೇಷನ್ ಆದ ಅತ್ತೆಯವರಿಗೆ ಡೊಂಬಿವಲಿಯ ನಮ್ಮ ಮನೆಗೆ ಮಂಚ ಬಾಡಿಗೆಗೆ ತರಿಸಿದ್ದೆವು. ಅದರ ಜೊತೆ ಬಂದ ಶೀಟುಗಳಿಗೆ ಸುತ್ತಲೂ ಎಲಾಸ್ಟಿಕ್, ಬಟ್ಟೆ ಪಾಲಿಯೆಸ್ಟರ್ ಬೆರಕೆ. ತಲೆಕಡೆ ಎತ್ತಿದೊಡನೆ ಎಲಾಸ್ಟಿಕ್ ಕಿತ್ತುಕೊಂಡು ಬಂದು ಬಟ್ಟೆ ಬೆನ್ನಿನ ಕೆಳಗೆ ಮುದ್ದೆಯಾಗುತ್ತಿತ್ತು. "ಏನೋ ಒತ್ತುತ್ತಾ ಇದೆ ಮಗಾ" ಅಂದರು ಅತ್ತೆ. ಮಗ್ಗುಲಿಗೆ ಹೊರಳಿಸಿ ನೋಡಿದರೆ, ನೆರಿಗೆಯ ಗೆರೆ ಚರ್ಮದ ಮೇಲೆ ಕೆಂಪಗೆ ಮೂಡಿತ್ತು. ಬೆರಳಿಂದ ಒತ್ತಿದೆ. ಬಿಳಿಚಿ, ಮತ್ತೆ ಕೆಂಪಾಯಿತು. ಒತ್ತಿದರೂ ಬಿಳಿಚದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತಲೇ ಅರ್ಥ, ಡಾಕ್ಟರಿಗೆ ತಕ್ಷಣ ತಿಳಿಸಬೇಕು.

ಆ ಶೀಟು ಬದಿಗಿಟ್ಟು ಮಂಗಳದಾಸ್ ಮಾರ್ಕೆಟ್‌ಗೆ ಹೋದೆ. ಮುಂಬೈನ ಕ್ರಾಫರ್ಡ್ ಮಾರ್ಕೆಟ್ ಹತ್ತಿರವೇ, ಮೀಟರ್ ಲೆಕ್ಕದಲ್ಲಿ ಬಟ್ಟೆ ಕೊಡುತ್ತಾರೆ. ಒಳಗಲ್ಲಿಯ ಅಂಗಡಿಯ ಕಾಕಾ ಮೊದಲು ಜಾಸ್ತಿ ಥ್ರೆಡ್ ಕೌಂಟ್‌ನ (ಒಂದು ಚದರ ಇಂಚಿನಲ್ಲಿರುವ ಎಳೆಗಳ ಲೆಕ್ಕ) ನುಣುಪು ಬಟ್ಟೆ ತೋರಿಸಿದರು. ದಿನವಿಡೀ ಮಲಗಿರುವವರಿಗೆ ಅದು ಬೇಡ. ನೇಯ್ಗೆ ಒತ್ತಾದಷ್ಟೂ ಗಾಳಿ ಆಡುವುದಿಲ್ಲ, ಬೇಗ ಒಣಗುವುದೂ ಇಲ್ಲ. ಸಾದಾ ನೇಯ್ಗೆಯ, 200 ಥ್ರೆಡ್ ಕೌಂಟ್ ಆಸುಪಾಸಿನ ಅಪ್ಪಟ ಕಾಟನ್ ಕೇಳಿದೆ. ಕಾಕಾ ಥಾನು ಬಿಡಿಸಿ ಬೆಳಕಿಗೆ ಹಿಡಿದು ತೋರಿಸಿದರು. ಎಳೆ ಸಮವಾಗಿತ್ತು, ಗಂಟಿಲ್ಲ. 60 ಇಂಚು ಪನ್ನ ಇದ್ದದ್ದರಿಂದ ನಡುವೆ ಜೋಡಣೆಯ ಹೊಲಿಗೆಯೂ ಬೇಕಾಗಲಿಲ್ಲ. ಒಂದೊಂದು ಶೀಟಿಗೆ 3 ಮೀಟರ್ ತಗೊಂಡೆ. ಒಗೆದರೆ ಒಂದಿಷ್ಟು ಕುಗ್ಗುತ್ತದೆ ಅಲ್ವಾ, ಅದಕ್ಕೇ. ಬಣ್ಣ ತಿಳಿ ಹಳದಿ. ರಕ್ತ ಸೋರಿದರೆ ಬೇಗ ಕಣ್ಣಿಗೆ ಬೀಳಲಿ ಎಂದು.

ನಮ್ಮ ಬೀದಿಯ ಟೈಲರ್ ಅಂಚು ಮಡಚಿ, ನಾಲ್ಕು ಮೂಲೆಗೂ ಅಗಲವಾದ ಎಲಾಸ್ಟಿಕ್ ಪಟ್ಟಿ ಹೊಲಿದುಕೊಟ್ಟರು. ಪಟ್ಟಿ ಹಾಸಿಗೆಯ ಅಡಿಗೆ ಹೋಗುತ್ತದೆ. ಈಗ ಮಂಚ ಎಷ್ಟು ಎತ್ತಿದರೂ ಶೀಟು ಕದಲುವುದಿಲ್ಲ. ಒಟ್ಟು ಖರ್ಚು ಸರ್ಜಿಕಲ್ ಅಂಗಡಿಯ ರೆಡಿಮೇಡ್‌ಗಿಂತ ಕಡಿಮೆಯೇ ಆಯಿತು.

ಅದೇ ಬಟ್ಟೆಯಲ್ಲಿ ಡ್ರಾ ಶೀಟ್ ಕೂಡ ಮಾಡಿಸಿದೆ. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ. ಭುಜದಿಂದ ತೊಡೆಯವರೆಗೆ ಅಡ್ಡಲಾಗಿ ಹಾಸುವ ತುಂಡು ಅದು. ಇಬ್ಬರು ಎರಡೂ ಕಡೆ ಅಂಚು ಸುತ್ತಿ ಹಿಡಿದು ಒಟ್ಟಿಗೆ ಎತ್ತಿದರೆ, ಜಾರಿದವರನ್ನು ಮೇಲಕ್ಕೆ ತರಬಹುದು. ಎಳೆಯಬಾರದು, ಎತ್ತಬೇಕು. ಎಳೆದರೆ ಚರ್ಮ ತರಚುತ್ತದೆ. ರಬ್ಬರ್ ಶೀಟ್ ಹಾಕುವುದಿದ್ದರೆ ಇದರ ಕೆಳಗೇ ಇರಲಿ, ಮೈಗೆ ತಾಗಿದರೆ ಬೆವರಿ ಚರ್ಮ ಮೆತ್ತಗಾಗುತ್ತದೆ.

ಗಾಳಿ ತುಂಬುವ ಏರ್ ಬೆಡ್ ಇದ್ದವರು ಶೀಟನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ, ಪದರದ ಮೇಲೆ ಪದರವೂ ಹಾಕಬೇಡಿ. ಉಬ್ಬಿ ಇಳಿಯುವ ಅದರ ಕೆಲಸಕ್ಕೇ ಅಡ್ಡಿಯಾಗುತ್ತದೆ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಬಟ್ಟೆ ನೀರು ಹೀರುವುದು ಕಮ್ಮಿಯಾಗುತ್ತದೆ. ಸೋಲಾಪುರ ಚಾದರ ಹೊದೆಯಲು ಚೆನ್ನ, ಮೈಕೆಳಗೆ ಬೇಡ. ದಪ್ಪ, ಒರಟು.

ಮಾರ್ಕೆಟ್ ಬಗ್ಗೆ ಒಂದೇ ತಕರಾರು: ಕತ್ತರಿಸಿದ ಬಟ್ಟೆ ವಾಪಸ್ ತಗೊಳ್ಳುವುದಿಲ್ಲ. ಕೆಲವು ಹಾಸಿಗೆ 78 ಇಂಚು ಇರುತ್ತವೆ, ಮನೆಯಲ್ಲೇ ಟೇಪ್ ಹಿಡಿದು ಅಳೆದು ಬರೆದುಕೊಂಡು ಹೋಗಿ. ಕಮ್ಮಿ ಅಂದರೂ ಮೂರು ಶೀಟಿಗೆ ಆಗುವಷ್ಟು ತನ್ನಿ. ಮುಂಬೈ ಮಳೆಗಾಲ ಇದ್ದರೆ ಇನ್ನೊಂದು ಜಾಸ್ತಿ ಇರಲಿ, ತೆಳು ಕಾಟನ್ ಕೂಡ ಫ್ಯಾನಿನ ಕೆಳಗೇ ಒಣಗಬೇಕು.