ತೋಳ ಕಚ್ಚಿದ ಮೇಲೆ: ಸ್ಕೈರಿಮ್ ಆಟದ ಕಾಯಿಲೆಗಳು ಮತ್ತು ಅವುಗಳ ಮದ್ದು

ಅಕ್ಕನ ಮಗ ರಜೆಯಲ್ಲಿ ಮಂಗಳೂರಿನ ಬಿಜೈಯ ನಮ್ಮ ಮನೆಗೆ ಬಂದವನು ನನ್ನ ಕಂಪ್ಯೂಟರಿನಲ್ಲಿ ‘ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್’ ಆಟವನ್ನು ಮೊದಲಿನಿಂದ ಆಡಲು ತೊಡಗಿದ. ಎರಡನೆಯ ಸಂಜೆ ನಾನು ಕೆಲಸ ಮುಗಿಸಿ ಬಂದಾಗ, “ಮಾವ, ಈ ಕೊಡಲಿ ಸರಿ ಇಲ್ಲ. ನಿನ್ನೆ ಮೂರು ಏಟಿಗೆ ಬೀಳುತ್ತಿದ್ದ ಕಳ್ಳರು ಇವತ್ತು ನಾಲ್ಕು ಏಟಿಗೂ ಬೀಳುವುದಿಲ್ಲ” ಎಂದು ದೂರಿದ. ಕೈಯಲ್ಲಿದ್ದ ಚಿನ್ನದ ನಾಣ್ಯಗಳನ್ನೆಲ್ಲ ಕೊಟ್ಟು ವೈಟ್‌ರನ್ ಪಟ್ಟಣದಲ್ಲಿ ಹೊಸ ಕೊಡಲಿಯನ್ನೂ ಕೊಂಡಾಗಿತ್ತು. ಅದರಿಂದಲೂ ಹೆಚ್ಚಿನ ಪ್ರಯೋಜನವಾಗಿರಲಿಲ್ಲ. ನಾನು ಆಟವನ್ನು ನಿಲ್ಲಿಸಿ, ಮಾಯಾವಿದ್ಯೆಯ ಮೆನುವಿನ ಕೆಳತುದಿಯಲ್ಲಿರುವ ‘ಆ್ಯಕ್ಟಿವ್ ಎಫೆಕ್ಟ್ಸ್’ ಪಟ್ಟಿಯನ್ನು ತೆರೆದು ತೋರಿಸಿದೆ. ಅಲ್ಲಿ ‘ರಾಕ್‌ಜಾಯಿಂಟ್’ ಎಂಬ ಹೆಸರಿತ್ತು. ಹಿಂದಿನ ದಿನ ಹೆಲ್ಗೆನ್‌ನಿಂದ ರಿವರ್‌ವುಡ್‌ಗೆ ಇಳಿಯುವ ದಾರಿಯಲ್ಲಿ ಮೇಲೆರಗಿದ ತೋಳಗಳಲ್ಲಿ ಒಂದು ಈ ಕಾಯಿಲೆಯನ್ನು ಅವನ ಪಾತ್ರಕ್ಕೆ ಅಂಟಿಸಿ ಸತ್ತಿತ್ತು. ಕೊಡಲಿಯಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಬೀಸುವ ತೋಳಿನ ಕೀಲು ಹಿಡಿದಿತ್ತು.

ಈ ವಿಮರ್ಶೆಯನ್ನು ಬರೆಯುವುದಕ್ಕೆ ಆ ಸಂಜೆಯೇ ಕಾರಣ. ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ರೂಪಿಸಿದ ಈ ಆಟವು 2011ರ ನವೆಂಬರ್ 11ರಂದು ಬಿಡುಗಡೆಯಾಯಿತು. ನಾನು ಈಗ ಆಡುತ್ತಿರುವುದು 2016ರಲ್ಲಿ ಬಂದ ಸ್ಪೆಷಲ್ ಎಡಿಶನ್. ಅದರ ಡ್ರ್ಯಾಗನ್‌ಗಳು, ಹಿಮದ ಬೆಟ್ಟಗಳು, ಸಂಗೀತ ಇವುಗಳ ಬಗೆಗೆ ಸಾಕಷ್ಟು ಮಂದಿ ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಅದರೊಳಗಿನ ಕಾಯಿಲೆಗಳ ವ್ಯವಸ್ಥೆಯೊಂದರ ಬಗೆಗೆ ಮಾತ್ರ. ಹಗಲೆಲ್ಲ ಪ್ರಯೋಗಾಲಯದಲ್ಲಿ ಕುಳಿತು, ಮಳೆಗಾಲ ಬಂತೆಂದರೆ ರಕ್ತದ ಲೇಪನಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಮಲೇರಿಯಾ ಹುಡುಕುವುದು ನನ್ನ ಉದ್ಯೋಗ. ಹೀಗಾಗಿ ಆಟದಲ್ಲಿಯೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಸ್ಕೈರಿಮ್‌ನ ಕಾಯಿಲೆಗಳು ಸಂಖ್ಯೆಯಲ್ಲಿ ಕಡಿಮೆ, ಆದರೆ ಪ್ರತಿಯೊಂದಕ್ಕೂ ಒಂದು ಮೂಲವೂ ಒಂದು ನಿಖರವಾದ ಕೆಡುಕೂ ಇದೆ. ತೋಳ ಮತ್ತು ನರಿಗಳಿಂದ ಬರುವ ರಾಕ್‌ಜಾಯಿಂಟ್ ಕತ್ತಿ, ಕೊಡಲಿಗಳ ಏಟನ್ನು ಶೇಕಡ 25ರಷ್ಟು ತಗ್ಗಿಸುತ್ತದೆ. ಕರಡಿಯಿಂದ ಬರುವ ಬೋನ್ ಬ್ರೇಕ್ ಫೀವರ್ ದೇಹದ ಕಸುವಿನಲ್ಲಿ 25 ಅಂಶಗಳನ್ನು ಕಿತ್ತುಕೊಂಡರೆ, ಹಕ್ಕಿಯ ಮೈಯ ಮಾಟಗಾತಿಯರಾದ ಹ್ಯಾಗ್‌ರೇವನ್‌ಗಳಿಂದ ಬರುವ ಬ್ರೇನ್ ರಾಟ್ ಮಂತ್ರಶಕ್ತಿಯಲ್ಲಿ ಅಷ್ಟನ್ನೇ ಕಳೆಯುತ್ತದೆ. ಕೋರೆಹಲ್ಲಿನ ಸೇಬರ್ ಬೆಕ್ಕಿನಿಂದ ವಿಟ್‌ಬೇನ್ ತಗುಲಿದರೆ ಮಂತ್ರಶಕ್ತಿ ಮರಳಿ ತುಂಬುವ ವೇಗ ಅರ್ಧಕ್ಕೆ ಇಳಿಯುತ್ತದೆ; ಗುಹೆಯೊಳಗಿನ ಚೌರಸ್ ಎಂಬ ದೈತ್ಯ ಕೀಟದಿಂದ ರ‍್ಯಾಟಲ್ಸ್ ಬಂದರೆ ಕಸುವು ಮರಳುವ ವೇಗಕ್ಕೂ ಅದೇ ಗತಿ. ಪ್ರಾಣಿಗಳನ್ನೆಲ್ಲ ತಪ್ಪಿಸಿಕೊಂಡು ಹೋದರೂ ಹಳೆಯ ಗೋರಿಗಳಲ್ಲಿ ಒಡ್ಡಿರುವ ಬಲೆಗಳಿಂದ ಈ ಸೋಂಕುಗಳು ತಗುಲುವುದುಂಟು.

ಇವುಗಳಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಂಡದ್ದು ಸ್ಕೀವರ್ ಎಂಬ ಹೆಗ್ಗಣದಂಥ ಪ್ರಾಣಿಯಿಂದ ಬರುವ ಅಟ್ಯಾಕ್ಸಿಯಾ. ಇದು ಕಲ್ಪಿಸಿಕೊಂಡ ಹೆಸರಲ್ಲ. ನಡಿಗೆ ತೂರಾಡುವುದು, ಕೈ ಹಿಡಿತಕ್ಕೆ ಬಾರದಿರುವುದು ಮೊದಲಾದ ಸಮನ್ವಯ ತಪ್ಪಿದ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿರುವ ಹೆಸರೇ ಇದು. ಆಟದಲ್ಲಿ ಅದು ಬೀಗ ತೆರೆಯುವ ಮತ್ತು ಜೇಬಿಗೆ ಕೈಹಾಕುವ ಕೆಲಸಗಳನ್ನು ಶೇಕಡ 25ರಷ್ಟು ಕಷ್ಟವಾಗಿಸುತ್ತದೆ. ಬೆರಳು ನಡುಗುವವನಿಂದ ಸೂಕ್ಷ್ಮ ಕೆಲಸವಾಗದು ಎಂಬುದನ್ನು ಇಷ್ಟು ಸರಿಯಾಗಿ ಹೊಂದಿಸಿದವರು ಆ ಪದದ ಅರ್ಥವನ್ನು ತಿಳಿದೇ ಬಳಸಿದ್ದಾರೆ. ನೀರು ನಿಂತ ಗದ್ದೆಗೆ ಇಳಿಯುವ ಮುನ್ನ ಕಾಲಿನ ಗಾಯವನ್ನು ನೋಡಿಕೊಳ್ಳಬೇಕು, ಇಲಿಜ್ವರ ಬಂದೀತು ಎಂಬ ಎಚ್ಚರಿಕೆಯನ್ನು ಕೇಳುತ್ತಲೇ ಬೆಳೆದ ಕರಾವಳಿಯ ನಮಗೆ, ಇಲಿಯ ಜಾತಿಯ ಪ್ರಾಣಿಯೊಂದು ರೋಗ ಹೊತ್ತು ತರುತ್ತದೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಕಾಯಿಲೆಯನ್ನು ಗುರುತಿಸುವ ಕೆಲಸಕ್ಕೆ ಬಂದಾಗ ಆಟವು ಎರಡು ತುದಿಗಳಲ್ಲಿ ತಪ್ಪುತ್ತದೆ. ಸೋಂಕು ತಗುಲಿದ ಕ್ಷಣದಲ್ಲಿಯೇ ಪರದೆಯ ಎಡ ಮೂಲೆಯಲ್ಲಿ ರೋಗದ ಹೆಸರನ್ನು ಬರೆದು ತೋರಿಸುತ್ತದೆ. ಅಂದರೆ ಲಕ್ಷಣ ಕಾಣುವ ಮೊದಲೇ ರೋಗನಿರ್ಣಯ ಮುಗಿದಿರುತ್ತದೆ. ಆ ಸಾಲು ಮೂಡುವುದಾದರೂ ತೋಳ ಮೈಮೇಲೆ ಹಾರುತ್ತಿರುವಾಗ, ಆಟಗಾರನ ಕಣ್ಣು ಪರದೆಯ ನಡುವೆ ನೆಟ್ಟಿರುವಾಗ. ಅದನ್ನು ಓದದೆ ಬಿಟ್ಟವನಿಗೆ ಆಮೇಲೆ ಪಾತ್ರದ ಮೈಯಲ್ಲಿ ಯಾವ ಸುಳಿವೂ ಸಿಗುವುದಿಲ್ಲ. ಕುಂಟುವುದಿಲ್ಲ, ಕೆಮ್ಮುವುದಿಲ್ಲ, ಕೈ ನಡುಗುವುದಿಲ್ಲ. ಹೀಗಾಗಿ ಹೊಸಬರು ತಮ್ಮ ಆಯುಧವನ್ನೋ ಆಟದ ಕಠಿಣತೆಯನ್ನೋ ದೂರುತ್ತಾರೆ. ಹೊಸದಾಗಿ ಆಡುವವರಿಗೆ ನನ್ನ ಸಲಹೆ ಇಷ್ಟೇ: ಪ್ರತಿ ಗುಹೆಯಿಂದ ಹೊರಬಂದಾಗಲೂ ಆ್ಯಕ್ಟಿವ್ ಎಫೆಕ್ಟ್ಸ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕು. ರೋಗದ ಹೆಸರು, ಅದು ಏನನ್ನು ಎಷ್ಟು ಕುಗ್ಗಿಸಿದೆ ಎಂಬ ವಿವರ ಎರಡೂ ಅಲ್ಲಿ ಸ್ಪಷ್ಟವಾಗಿರುತ್ತವೆ.

ವೈಟ್‌ರನ್‌ನಲ್ಲಿ ಔಷಧದ ಅಂಗಡಿ ಇಟ್ಟಿರುವ ಆರ್ಕೇಡಿಯಾ ಎಂಬ ಹೆಂಗಸು ಒಳಗೆ ಕಾಲಿಟ್ಟವರನ್ನು ಕಂಡು, ಮುಖ ಬಿಳಿಚಿಕೊಂಡಿದೆ, ಅಟ್ಯಾಕ್ಸಿಯಾ ಇರಬಹುದು ಎನ್ನುತ್ತಾಳೆ. ಮೊದಲ ಸಲ ಅದನ್ನು ಕೇಳಿದಾಗ ನನಗೆ ಬಹಳ ಸಂತೋಷವಾಯಿತು. ರೋಗಿಯ ಮುಖ ನೋಡಿ ಮಾತಾಡುವ ಒಬ್ಬರನ್ನಾದರೂ ಆಟದಲ್ಲಿ ಇಟ್ಟಿದ್ದಾರೆ ಎಂದುಕೊಂಡೆ. ಪಾತ್ರವು ಪೂರ್ತಿ ಆರೋಗ್ಯವಾಗಿರುವಾಗಲೂ ಆಕೆ ಅದನ್ನೇ ಹೇಳುತ್ತಾಳೆಂದು ತಿಳಿದಾಗ ಅಷ್ಟೇ ನಿರಾಶೆಯಾಯಿತು. ಅವಳ ಆ ಮಾತು ಪಾತ್ರದ ನಿಜವಾದ ಸ್ಥಿತಿಯನ್ನು ಅನುಸರಿಸಿ ಬದಲಾಗುವಂತೆ ಮಾಡಿದ್ದರೆ ಆ ಪುಟ್ಟ ಅಂಗಡಿ ಆಟದ ಅತ್ಯುತ್ತಮ ಜಾಗಗಳಲ್ಲಿ ಒಂದಾಗುತ್ತಿತ್ತು.

ಗುಣಪಡಿಸುವ ದಾರಿಗಳು ಮಾತ್ರ ಹೇರಳವಾಗಿವೆ. ಔಷಧದ ಅಂಗಡಿಗಳಲ್ಲಿ ಕ್ಯೂರ್ ಡಿಸೀಸ್ ಎಂಬ ಮದ್ದಿನ ಸೀಸೆ ದೊರೆಯುತ್ತದೆ. ಯಾವುದೇ ದೇವತೆಯ ಪೀಠದ ಮುಂದೆ ನಿಂತು ಪ್ರಾರ್ಥಿಸಿದರೂ ಮೈಯಲ್ಲಿರುವ ಕಾಯಿಲೆಗಳೆಲ್ಲ ಒಮ್ಮೆಗೇ ಬಿಡುತ್ತವೆ. ವೈಟ್‌ರನ್‌ನಲ್ಲಿಯೇ ಟಾಲೋಸ್‌ನ ಪೀಠವೂ ಕೈನರೆತ್ ದೇವಿಯ ಮಂದಿರವೂ ಇವೆ. ದಾರಿಯಲ್ಲಿ ಸ್ಟೆಂಡಾರ್ ದೇವನ ವಿಜಿಲಂಟ್‌ಗಳು ಎದುರಾದರೆ ಕೇಳಿಕೊಳ್ಳಬಹುದು, ಅವರು ಗುಣಪಡಿಸುತ್ತಾರೆ. ಗಿಡುಗದ ಗರಿ, ಸುಟ್ಟ ಸ್ಕೀವರ್ ತೊಗಲು, ಮಡ್‌ಕ್ರ್ಯಾಬ್ ಏಡಿಯ ಚಿಪ್ಪು, ರಕ್ತಪಿಶಾಚಿಯ ಬೂದಿ ಇವುಗಳಲ್ಲಿ ಯಾವುದಾದರೂ ಎರಡನ್ನು ಬೆರೆಸಿ ಸ್ವತಃ ಮದ್ದು ತಯಾರಿಸಬಹುದು. ಇವುಗಳಲ್ಲಿ ಗಿಡುಗದ ಗರಿಗೆ ಒಂದು ವಿಶೇಷವಿದೆ. ಪದಾರ್ಥವನ್ನು ಹಾಗೆಯೇ ತಿಂದರೆ ಅದರ ಮೊದಲ ಗುಣ ಮಾತ್ರ ಕೆಲಸ ಮಾಡುತ್ತದೆಂಬುದು ಈ ಆಟದ ನಿಯಮ. ಆ ಗರಿಯ ಮೊದಲ ಗುಣವೇ ರೋಗನಿವಾರಣೆ. ಆದ್ದರಿಂದ ಬಿಲ್ಲು ಹಿಡಿದವನು ಆಕಾಶದಲ್ಲಿ ಸುತ್ತುವ ಗಿಡುಗವೊಂದನ್ನು ಬೀಳಿಸಿದರೆ ಅಂಗಡಿಯೂ ಬೇಡ, ಗುಡಿಯೂ ಬೇಡ. ಹಿಂದಿನ ಆಟಗಳಲ್ಲಿ ಆಟಗಾರನೇ ಕಲಿಯಬಹುದಾಗಿದ್ದ ರೋಗನಿವಾರಕ ಮಂತ್ರವನ್ನು ಸ್ಕೈರಿಮ್‌ನಲ್ಲಿ ಕೈಬಿಟ್ಟಿರುವುದು ನನಗೆ ಸರಿ ಎನಿಸುತ್ತದೆ. ಮದ್ದನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯ ಅಷ್ಟರಮಟ್ಟಿಗಾದರೂ ಉಳಿದಿದೆ.

ಮದ್ದು ಎಲ್ಲೆಂದರಲ್ಲಿ ಸಿಗುವುದು ನನ್ನ ಆಕ್ಷೇಪವಲ್ಲ. ಎಲ್ಲ ಕಾಯಿಲೆಗಳಿಗೂ ಒಂದೇ ಮದ್ದಾಗಿರುವುದು ನನ್ನ ಆಕ್ಷೇಪ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕಹಿ ಕಷಾಯ ಮಾಡಿ ಕುಡಿದು, ಮೇಲೆ ಮೆಂತೆಯ ಗಂಜಿ ಉಣ್ಣುತ್ತಾರೆ; ಮಳೆಗಾಲದ ಹಲವು ರೋಗಗಳಿಗೆ ಆ ಒಂದು ಕಷಾಯ ತಡೆ ಎಂಬುದು ಹಿರಿಯರ ನಂಬಿಕೆ. ಆದರೆ ಅಲ್ಲಿಯೂ ಮರವನ್ನು ಗುರುತಿಸುವ ಕೆಲಸವೊಂದಿದೆ. ಕತ್ತಲಲ್ಲಿ ಹೋಗಿ ಬೇರೊಂದು ಮರದ ತೊಗಟೆ ತಂದರೆ ಅದು ವಿಷವೂ ಆಗಬಹುದೆಂದು ನಮ್ಮ ಅಜ್ಜ ಹಿಂದಿನ ದಿನವೇ ಮರಕ್ಕೆ ಗುರುತು ಕಟ್ಟಿ ಬರುತ್ತಿದ್ದರು. ಸ್ಕೈರಿಮ್‌ನಲ್ಲಿ ಗುರುತಿಸಿದವನಿಗೂ ಗುರುತಿಸದವನಿಗೂ ಫಲ ಒಂದೇ. ತನಗೆ ವಿಟ್‌ಬೇನ್ ಬಂದಿದೆಯೋ ರ‍್ಯಾಟಲ್ಸ್ ಬಂದಿದೆಯೋ ಎಂದು ತಿಳಿಯುವ ಗೋಜೇ ಇಲ್ಲದೆ ಸೀಸೆ ಎತ್ತಿ ಕುಡಿದರೆ ಕಥೆ ಮುಗಿಯಿತು. ಇಷ್ಟು ಆಸ್ಥೆಯಿಂದ ಹೆಸರಿಟ್ಟು, ಮೂಲವನ್ನು ಗೊತ್ತುಮಾಡಿ, ಪರಿಣಾಮವನ್ನು ಬೇರೆಬೇರೆಯಾಗಿಸಿದ ರೋಗಗಳು ಕೊನೆಯ ಹೆಜ್ಜೆಯಲ್ಲಿ ಒಂದೇ ಆಗಿಬಿಡುತ್ತವೆ.

ನನ್ನ ಉದ್ಯೋಗದಲ್ಲಿ ಹಾಗಾಗುವುದಿಲ್ಲ. ಲೇಪನದಲ್ಲಿ ಕಂಡ ಮಲೇರಿಯಾ ಪರೋಪಜೀವಿ ವೈವಾಕ್ಸೋ ಫಾಲ್ಸಿಪಾರಮೋ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿರುತ್ತದೆ. ವೈವಾಕ್ಸ್ ಆದರೆ ಅದು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮತ್ತೆ ಎದ್ದೀತೆಂದು 14 ದಿನಗಳ ಪ್ರಿಮಾಕ್ವಿನ್ ಮಾತ್ರೆಗಳನ್ನು ಕೊಡುತ್ತಾರೆ. ನಾನೇ ಒಮ್ಮೆ ಜ್ವರ ಬಿಟ್ಟಿತೆಂದು ಐದನೆಯ ದಿನಕ್ಕೆ ಆ ಮಾತ್ರೆಗಳನ್ನು ನಿಲ್ಲಿಸಿ, ದೀಪಾವಳಿಯ ಹೊತ್ತಿಗೆ ಮತ್ತೆ ಚಳಿಜ್ವರದಲ್ಲಿ ಮಲಗಿದ್ದೆ. ರೋಗದ ಹೆಸರು ತಿಳಿಯುವುದು ಯಾಕೆ ಮುಖ್ಯವೆಂಬುದನ್ನು ಪುಸ್ತಕಕ್ಕಿಂತ ಆ ಹಾಸಿಗೆಯೇ ನನಗೆ ಚೆನ್ನಾಗಿ ಕಲಿಸಿತು.

ಇದೇ ಸರಣಿಯ 2002ರ ಮೊರೋವಿಂಡ್ ಈ ವಿಷಯದಲ್ಲಿ ಎಷ್ಟೋ ಮೇಲು. ಅಲ್ಲಿ ಸಾಮಾನ್ಯ ರೋಗಗಳು ಒಂದು ವರ್ಗ. ರೆಡ್ ಮೌಂಟನ್ ಎಂಬ ಜ್ವಾಲಾಮುಖಿಯ ಕಡೆಯಿಂದ ಬರುವ ಬ್ಲೈಟ್ ರೋಗಗಳು ಇನ್ನೊಂದು ವರ್ಗ. ಸಾಮಾನ್ಯ ರೋಗದ ಮದ್ದಿನಿಂದ ಬ್ಲೈಟ್ ವಾಸಿಯಾಗುವುದಿಲ್ಲ, ಅದಕ್ಕೆ ಬೇರೆಯೇ ಮದ್ದು ಬೇಕು. ಆದ್ದರಿಂದ ಪಟ್ಟಿಯನ್ನು ತೆರೆದು ಹೆಸರನ್ನು ಓದಲೇಬೇಕಾಗುತ್ತದೆ. ರೋಗ ಹೊತ್ತು ತಿರುಗುವವನನ್ನು ಕಂಡರೆ ಜನರ ಒಲವೂ ಕುಂದುತ್ತದೆ. ಎರಡು ವರ್ಗಗಳಿಗೂ ಮೇಲೆ ಕಾರ್ಪ್ರಸ್ ಎಂಬ ಘೋರ ವ್ಯಾಧಿಯಿದೆ. ಅದು ಬಂದಾಗ ಯಾವ ಸೀಸೆಯೂ ಕೆಲಸ ಮಾಡದೆ, ಟೆಲ್ ಫಿರ್ ಗೋಪುರದಲ್ಲಿ ಕಾರ್ಪ್ರಸ್ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಡಿವೈತ್ ಫಿರ್ ಎಂಬ ವೃದ್ಧ ಮಾಂತ್ರಿಕನ ಬಳಿಗೆ ಹೋಗಬೇಕಾಗುತ್ತದೆ. ಕಥೆಯ ಮುಖ್ಯ ತಿರುವನ್ನೇ ಒಂದು ಚಿಕಿತ್ಸೆಯ ಮೇಲೆ ನಿಲ್ಲಿಸಿದ ಆ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಸ್ಕೈರಿಮ್ ಆ ಎತ್ತರಕ್ಕೆ ಏರುವುದು ಸ್ಯಾಂಗ್ವಿನೇರ್ ವ್ಯಾಂಪಿರಿಸ್ ಎಂಬ ಒಂದೇ ಒಂದು ರೋಗದಲ್ಲಿ. ರಕ್ತಪಿಶಾಚಿಗಳೊಡನೆ ಹೋರಾಡುವಾಗ ತಗುಲುವ ಇದು ಆರಂಭದಲ್ಲಿ ಜೀವಶಕ್ತಿಯಿಂದ 25 ಅಂಶಗಳನ್ನಷ್ಟೇ ಕಳೆಯುತ್ತದೆ. ಉಳಿದವುಗಳಂತೆಯೇ ಕಾಣುವ ಈ ರೋಗವನ್ನು ಆಟದ ಕಾಲದ ಮೂರು ದಿನಗಳೊಳಗೆ ಸೀಸೆಯಿಂದಲೋ ಪ್ರಾರ್ಥನೆಯಿಂದಲೋ ನಿವಾರಿಸಿಕೊಳ್ಳದಿದ್ದರೆ ಪಾತ್ರವೇ ರಕ್ತಪಿಶಾಚಿಯಾಗುತ್ತದೆ, ಬಿಸಿಲಿನಲ್ಲಿ ಸೊರಗುತ್ತದೆ. ಅಲ್ಲಿಂದ ಮುಂದೆ ಸಾಮಾನ್ಯ ಮದ್ದುಗಳು ನಾಟುವುದಿಲ್ಲ. ಆಗ ಮೊರ್ಥಲ್ ಎಂಬ ಜವುಗು ಊರಿನ ಫೇಲಿಯನ್ ಎಂಬ ಮಾಂತ್ರಿಕನನ್ನು ಕಂಡು, ಆತ್ಮ ತುಂಬಿದ ಕಪ್ಪು ಮಣಿಯೊಂದನ್ನು ಒದಗಿಸಿ, ನಸುಕಿನಲ್ಲಿ ಊರ ಹೊರಗಿನ ಕಲ್ಲುಗಳ ವೃತ್ತದಲ್ಲಿ ಅವನು ನಡೆಸುವ ವಿಧಿಗೆ ನಿಲ್ಲಬೇಕು. ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಒಂದು ಗರಿಯಿಂದ ಹೋಗುವ ರೋಗ, ತಡವಾದರೆ ಇಷ್ಟು ದೂರ ನಡೆಸುತ್ತದೆ. ಉಳಿದ ಆರಕ್ಕೂ ಇಂಥದೇ ಒಂದು ಗಡುವು ಇರಬೇಕಿತ್ತು.

ರೋಗವೇ ಬೇಡವೆನ್ನುವವರು ಆರ್ಗೋನಿಯನ್ ಅಥವಾ ವುಡ್ ಎಲ್ಫ್ ಕುಲವನ್ನು ಆರಿಸಿಕೊಳ್ಳಬಹುದು, ಅವರಿಗೆ ಶೇಕಡ 50ರಷ್ಟು ರೋಗನಿರೋಧವಿದೆ. ಕಂಪ್ಯಾನಿಯನ್ಸ್ ಬಳಗವನ್ನು ಸೇರಿ ತೋಳಮಾನವನಾದರೆ ಯಾವ ರೋಗವೂ ಹತ್ತಿರ ಸುಳಿಯದು. ಆದರೆ ಚೆನ್ನಾಗಿ ನಿದ್ದೆ ಮಾಡಿದವನಿಗೆ ಸಿಗುವ ಕಲಿಕೆಯ ಲಾಭವನ್ನು ಆಗ ಬಿಟ್ಟುಕೊಡಬೇಕು.

ಕೊಳ್ಳುವವರಿಗೆ ಹೇಳಬೇಕಾದ ಮಾತೊಂದಿದೆ. ಸ್ಪೆಷಲ್ ಎಡಿಶನ್‌ಗೆ 64 ಬಿಟ್‌ನ ವ್ಯವಸ್ಥೆ, 8 ಜಿಬಿ ರ‍್ಯಾಮ್, 12 ಜಿಬಿ ಜಾಗ ಸಾಕು. 2021ರ ನವೆಂಬರ್‌ನಿಂದ ಅದರೊಡನೆ ಸರ್ವೈವಲ್ ಮೋಡ್ ಉಚಿತವಾಗಿ ಸೇರಿದೆ. ಕಾಯಿಲೆಗಳ ಮಟ್ಟಿಗೆ ನಾನು ಇಡೀ ಆಟವನ್ನು ಶಿಫಾರಸು ಮಾಡುವುದು ಈ ಬಗೆಯಲ್ಲಿ ಆಡಿದರೆ ಮಾತ್ರ. ಇಲ್ಲಿ ಹಸಿವು, ಚಳಿ, ಆಯಾಸಗಳು ಲೆಕ್ಕಕ್ಕೆ ಬರುತ್ತವೆ, ಹಸಿ ಮಾಂಸ ತಿಂದರೆ ಹೊಟ್ಟೆ ಕೆಡುತ್ತದೆ, ಚಿಕಿತ್ಸೆ ಮಾಡದೆ ಬಿಟ್ಟ ಕಾಯಿಲೆ ದಿನದಿಂದ ದಿನಕ್ಕೆ ಉಲ್ಬಣಿಸುತ್ತದೆ. ನಕ್ಷೆಯ ಮೇಲೆ ಒತ್ತಿ ಒಂದು ಊರಿನಿಂದ ಇನ್ನೊಂದಕ್ಕೆ ಹಾರುವ ಸೌಲಭ್ಯವೂ ಇಲ್ಲವಾದ್ದರಿಂದ, ಬೆಟ್ಟದ ಮೇಲೆ ಕರಡಿ ಪರಚಿದರೆ ಗುಡಿಯ ತನಕ ನಡೆದೇ ಹೋಗಬೇಕು. ಹೊರಡುವ ಮುನ್ನ ಚೀಲದಲ್ಲಿ ಏನಿದೆಯೆಂದು ಯೋಚಿಸಬೇಕು.

ಅಕ್ಕನ ಮಗ ಈಗ ಸರ್ವೈವಲ್ ಮೋಡ್‌ನಲ್ಲಿ ಮತ್ತೆ ಮೊದಲಿನಿಂದ ಆಡುತ್ತಿದ್ದಾನೆ. ಕೊಡಲಿಯನ್ನು ಬಿಟ್ಟು ಬಿಲ್ಲು ಹಿಡಿದಿದ್ದಾನೆ. ನಿನ್ನೆ ರಾತ್ರಿ ಊಟಕ್ಕೆ ಕರೆದಾಗ, “ಒಂದು ನಿಮಿಷ ಮಾವ, ಗಿಡುಗ ಕೆಳಗೆ ಬರುತ್ತಾ ಇದೆ” ಎಂದ. ಪಟ್ಟಿಯಲ್ಲಿ ಏನಿದೆಯೆಂದು ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ, “ಬೋನ್ ಬ್ರೇಕ್ ಫೀವರ್, ಬೆಳಿಗ್ಗೆಯೇ ನೋಡಿದ್ದೇನೆ” ಎಂದು ಹೇಳಿ ಬಾಣ ಬಿಟ್ಟ.